ನಾಲ್ಕು ಮನೆಗೆ ಒಂದೇ ಇಮೇಲ್

ನಮ್ಮ ಬಳಗದ ನಾಲ್ಕು ಮನೆಗಳಿಗೆ ಇದ್ದದ್ದು ಒಂದೇ ಇಮೇಲ್, ನನ್ನದು. ಯಾವ ಅರ್ಜಿಯಲ್ಲಿ ಕೇಳಿದರೂ ಎಲ್ಲರೂ ಅದನ್ನೇ ಬರೆಸುತ್ತಿದ್ದರು. ಗಂಗಾವತಿಯ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಮನೆಗೊಂದು ಫೋಲ್ಡರ್ ಮಾಡಿ, ಬಂದ ಪತ್ರ ತಾನಾಗಿ ಅಲ್ಲಿಗೆ ಹೋಗುವಂತೆ ನಿಯಮ ಬರೆದಿಟ್ಟಿದ್ದೆ. ಆ ವಿಂಗಡಣೆಯೆಲ್ಲ ಲ್ಯಾಪ್‌ಟಾಪ್ ತೆರೆದಾಗ ಮಾತ್ರ. ಫೋನಿನಲ್ಲಿ ಎಲ್ಲವೂ ಒಂದೇ ರಾಶಿ.

ತಳಕಲ್‌ನಲ್ಲಿರುವ ನನ್ನ ಮೈದುನನ ಹೆಂಡತಿ ಕುಷ್ಟಗಿಯ ಒಂದು ಬೀಜದ ಕಂಪನಿಗೆ ಅರ್ಜಿ ಹಾಕಿದ್ದಳು. ಹತ್ತು ವರ್ಷ ಬೇರೆಯವರ ಹೊಲದಲ್ಲಿ ಹತ್ತಿ ಹೂವಿಗೆ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟಿದವಳು. ಆ ಕೆಲಸದ ಮೇಲ್ವಿಚಾರಕಿ ಆಗಬೇಕೆಂಬ ಆಸೆ ಅವಳಿಗೆ.

ಒಂದು ಶನಿವಾರ ಮಧ್ಯಾಹ್ನ ಫೋನ್ ಮಾಡಿದಳು.

“ಅಕ್ಕಾ, ನನ್ನ ಜೋಡಿ ಅರ್ಜಿ ಹಾಕಿದಾಕಿಗೆ ಇಂಟರ್‌ವ್ಯೂ ಪತ್ರ ಬಂದೈತಂತ. ಇವತ್ತ ಸಂಜಿ ಐದರೊಳಗ ಉತ್ತರ ಕೊಡದಿದ್ರ ಹೆಸರು ತಗೀತಾರಂತ. ನಂದು ಬಂದೈತೇನ್ರಿ?”

ಅವಳ ಫೋಲ್ಡರ್ ನೋಡಿದೆ. ಉಳಿದ ಮೂರೂ ನೋಡಿದೆ. ಲ್ಯಾಪ್‌ಟಾಪಿನ ಕಸದ ಡಬ್ಬಿಯನ್ನೂ ಜಾಲಾಡಿದೆ.

“ಬಂದಿಲ್ಲ ತಂಗಿ” ಎಂದೆ. “ಸ್ವಲ್ಪ ತಡಿ, ಮತ್ತೊಮ್ಮೆ ನೋಡ್ತೀನಿ” ಎಂದು ಇಟ್ಟೆ.

ಅಕ್ಕಿ ಮಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಊಟಕ್ಕೆ ಕುಳಿತಿದ್ದರು. “ಮಿಲ್ಲಿನ ಜಾಲರಿಯೊಳಗ ನಿಂತ ಕಾಳನ್ನ ನೀ ಮನ್ಯಾಗ ಮೊರ ಹಿಡಕೊಂಡು ಹುಡುಕಿದ್ರ ಸಿಗತೈತೇನ? ಅಲ್ಲೇ ಹೋಗಿ ನೋಡಬೇಕು” ಎಂದು ನಕ್ಕರು.

ಆಗ ನೆನಪಾಯಿತು. ಹೋದ ತಿಂಗಳು ಕುಷ್ಟಗಿ ಬಸ್ಸಿನಲ್ಲಿ ಕುಳಿತು, ದಿನಾ ಬರುತ್ತಿದ್ದ ಅದೇ ಕಂಪನಿಯ ಜಾಹೀರಾತುಗಳಿಗೆ ಬೇಸತ್ತು, ಫೋನಿನಲ್ಲಿ ಸ್ಪ್ಯಾಮ್ ಎಂದು ಒತ್ತಿಬಿಟ್ಟಿದ್ದೆ. ಆ ಗುರುತು ಇಮೇಲ್ ಸೇವೆಯ ಸರ್ವರ್‌ನಲ್ಲೇ ಉಳಿದಿತ್ತು. ಬೀಜದ ಕಂಪನಿಯ ಪತ್ರಗಳು ಅಲ್ಲೇ ಸ್ಪ್ಯಾಮಿನಲ್ಲಿ ನಿಲ್ಲುತ್ತಿದ್ದವು. ನನ್ನ ಲ್ಯಾಪ್‌ಟಾಪ್ ಇನ್‌ಬಾಕ್ಸಿಗೆ ಬಂದದ್ದನ್ನಷ್ಟೇ ಇಳಿಸಿಕೊಳ್ಳುತ್ತಿತ್ತು. ಅದರೊಳಗೆ ಎಷ್ಟು ಹುಡುಕಿದರೇನು?

ಇಮೇಲಿನ ವೆಬ್‌ಸೈಟಿಗೇ ಹೋಗಿ, ಪಾಸ್‌ವರ್ಡ್ ಹಾಕಿ ಸ್ಪ್ಯಾಮ್ ತೆರೆದೆ. ಎಂಟು ದಿನದಿಂದ ಕಾದು ಕುಳಿತಿತ್ತು ಪತ್ರ.

“ಐತಿ ತಂಗಿ! ನಾನೇ ತಪ್ಪು ಮಾಡೇನಿ” ಎಂದು ಫೋನ್ ಮಾಡಿ ಎಲ್ಲ ಹೇಳಿದೆ.

“ಅಯ್ಯ ಅಕ್ಕಾ, ನನ್ನ ನೌಕರಿನ ಕಸದಾಗ ಒಗದಿದ್ರೇನು!” ಎಂದವಳ ದನಿಯಲ್ಲಿ ಅಳುವೂ ನಗುವೂ ಕೂಡಿದ್ದವು. ಅವಳು ಹೇಳಿದಂತೆ ಟೈಪ್ ಮಾಡಿ ಉತ್ತರ ಕಳಿಸಿದಾಗ ನಾಲ್ಕೂಕಾಲು. ಸ್ವಲ್ಪ ಹೊತ್ತಿಗೇ, ಸೋಮವಾರ ಹತ್ತಕ್ಕೆ ಬನ್ನಿ ಎಂದು ಬಂತು. ಈ ಸಲ ಇನ್‌ಬಾಕ್ಸಿಗೇ. ಆ ಗುರುತನ್ನು ತೆಗೆದಿದ್ದೆ.

ಭಾನುವಾರ ಅವಳು ನಮ್ಮ ಮನೆಗೆ ಬಂದಳು. ಅವಳ ಫೋನಿನಲ್ಲಿ ಅವಳದೇ ಇಮೇಲ್ ತೆರೆದೆವು. ಉಳಿದ ಮನೆಗಳ ನಿಯಮಗಳನ್ನೂ ಲ್ಯಾಪ್‌ಟಾಪಿನಿಂದ ತೆಗೆದು ಸರ್ವರ್‌ನಲ್ಲೇ ಬರೆದೆ. ಈಗ ಲ್ಯಾಪ್‌ಟಾಪ್ ಮುಚ್ಚಿದ್ದರೂ ವಿಂಗಡಣೆ ನಡೆಯುತ್ತದೆ. ಸ್ಪ್ಯಾಮನ್ನು ಮಾತ್ರ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ನಾನೇ ನೋಡುತ್ತೇನೆ.

ಸೋಮವಾರ ಮಧ್ಯಾಹ್ನ ಅವಳ ಮೊದಲ ಇಮೇಲ್ ಬಂತು: “ಅಕ್ಕಾ, ಛಲೋ ಆತು. ಹೂವಿಗೆ ದಾರ ಹೆಂಗ ಕಟ್ತೀರಿ ಅಂತ ಕೇಳಿದ್ರು, ಅಲ್ಲೇ ಕಟ್ಟಿ ತೋರಿಸಿದೆ. ನನ್ನ ಹೊಸ ಇಮೇಲ್ ಅಲ್ಲೇ ಬರಸಿ ಬಂದೀನಿ, ಮುಂದಿನ ಪತ್ರ ನನಗೇ ಬರತೈತಿ. ನೀವೇನೂ ಹುಡುಕಬ್ಯಾಡ್ರಿ.”