ಜೋರು, ಜೋಪಾನ, ಜೇಬು

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ, ನನ್ನ ಮನೆಯ ಕೆಳಗಿನ ಶೆಡ್ಡನ್ನು ಭಾನುಪ್ರಕಾಶನಿಗೆ ಬಾಡಿಗೆಗೆ ಕೊಟ್ಟ ದಿನವೇ ನನ್ನ ಮಧ್ಯಾಹ್ನದ ನಿದ್ದೆ ಹಾಳಾಯಿತು. ನಾನು ಕನ್ನಡ ಮೇಡಂ ಆಗಿ ರಿಟೈರಾದವಳು. ಗಲಾಟೆ ಮಾಡುವವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅಭ್ಯಾಸ. ಇವನನ್ನು ಎಲ್ಲಿ ನಿಲ್ಲಿಸುವುದು? ಇವನು ಡ್ರ್ಯಾಗ್ ರೇಸಿಗೆ ಬೈಕು ತಯಾರು ಮಾಡುವ ಮೆಕ್ಯಾನಿಕ್. ಆ ರೇಸ್ ಅಂದರೆ ಇಷ್ಟೇ: ಎರಡು ಬೈಕು ಅಕ್ಕಪಕ್ಕ ನಿಲ್ಲಬೇಕು, ದೀಪ ಹಸಿರಾದ ಕೂಡಲೇ ನೇರ ಕಾಲು ಮೈಲಿ ನುಗ್ಗಬೇಕು. ಕಾಫಿಗೆ ಸಕ್ಕರೆ ಹಾಕಿ ಕಲಕುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಷ್ಟಕ್ಕೆ ವರ್ಷವಿಡೀ ನನ್ನ ಕಿವಿ ತೂತಾಗಬೇಕೇನೋ ಎಂದು ಬೈದರೆ ನಗುತ್ತಿದ್ದ.

"ನಮ್ಮೂರ್ ಪಕ್ಕ ಬಿದರೆಹಳ್ಳ ಕಾವಲಲ್ಲಿ ಹೆಲಿಕಾಪ್ಟರ್ ಮಾಡ್ತಾರೆ, ಅವ್ರನ್ನ ಬೈಯಲ್ಲ ನೀವು. ನಾನು ಬಡವ ಮೇಡಂ, ನೆಲದ್ ಮೇಲೇ ಹಾರಿಸ್ತೀನಿ."

ಶಟರಿನ ಮೇಲೆ ತಾನೇ ಬರೆದುಕೊಂಡಿದ್ದ: 'ಜೋರು, ಜೊಪಾನ, ಜೇಬು. ಮೂರರಲ್ಲಿ ಎರಡು ಮಾತ್ರ ಸಿಗುತ್ತೆ.' ಜೋರಾಗಿಯೂ ಹೋಗಬೇಕು, ಜೋಪಾನವಾಗಿಯೂ ಇರಬೇಕು ಅಂದರೆ ಜೇಬು ಖಾಲಿ. ಜೇಬೂ ಜೋಪಾನವೂ ಉಳಿಯಬೇಕು ಅಂದರೆ ಜೋರಿನ ಆಸೆ ಬಿಡಬೇಕು. ಉಳಿದ ಇನ್ನೊಂದು ಜೋಡಿಯನ್ನು ಅವನು ಯಾವ ಗಿರಾಕಿಗೂ ಮಾಡಿಕೊಟ್ಟವನಲ್ಲ. "ಹಂಗೆ ಬೇಕಂದ್ರೆ ಬೇರೆ ಕಡೆ ಹೋಗಣ್ಣ" ಎಂದು ಗಾಡಿ ಸಮೇತ ವಾಪಸ್ಸು ಕಳಿಸುತ್ತಿದ್ದ. ಜೋಪಾನಕ್ಕೆ ದೀರ್ಘ ಎಲ್ಲಿ ಹೋಯಿತೋ ಎಂದು ನಾನು ಗದರಿದರೆ, "ಪೇಂಟ್ ಮುಗ್ದೋಯ್ತು ಮೇಡಂ, ಅಡ್ಜಸ್ಟ್ ಮಾಡ್ಕಳಿ" ಎಂದ.

ಅವನ ಬೈಕು ಓಡಿಸುತ್ತಿದ್ದವನು ಸಂಗಮೇಶ್, ಭಾನುಪ್ರಕಾಶನ ಹೆಂಡತಿ ಹರ್ಷಿತಾಳ ಒಬ್ಬನೇ ತಮ್ಮ. ಕುಣಿಗಲ್ ಕಡೆಯವರು, ಅಕ್ಕ ತಮ್ಮ ಇಬ್ಬರೂ ಮಾರ್ಕೋನಹಳ್ಳಿಯ ಕಾಲುವೆಯಲ್ಲಿ ಈಜಿ ಬೆಳೆದವರು. ಕಡ್ಡಿಯಂಥ ಹುಡುಗ. ಓಡಿಸುವವನು ಹಗುರವಾಗಿದ್ದಷ್ಟೂ ಬೈಕಿಗೆ ಜೋರು, ಹಾಗಾಗಿ ರೇಸ್ ಹತ್ತಿರ ಬಂದರೆ ಅವನಿಗೆ ಬರೀ ಮಜ್ಜಿಗೆ, ಸೌತೆಕಾಯಿ. ಹರ್ಷಿತಾ ಪ್ರತಿ ಸಲವೂ ಗೇಟಿನ ತನಕ ಬಂದು "ಜೋಪಾನ ಕಣೋ" ಎನ್ನುತ್ತಿದ್ದಳು. ಆಮೇಲೆ ಗಂಡನ ಕಡೆ ತಿರುಗಿ, "ರೀ, ನಿಮ್ ಕೈಗೆ ಕೊಟ್ಟಿದೀನಿ" ಎನ್ನುತ್ತಿದ್ದಳು.

ಹೋದ ವರ್ಷ ಅವರು ನ್ಯಾಷನಲ್ ಫೈನಲ್ಲಿಗೆ ಬಂದರು. ಗೆದ್ದರೆ ದೊಡ್ಡ ಟೀಮೊಂದು ಭಾವ ಭಾಮೈದ ಇಬ್ಬರಿಗೂ ಸಂಬಳದ ಕೆಲಸ ಕೊಡುವುದಾಗಿ ಹೇಳಿತ್ತು. ಎದುರಾಳಿಯ ಬೈಕಿಗೆ ಹೊರದೇಶದ ಎಂಜಿನ್ ಭಾಗಗಳು. ಅವುಗಳ ಬೆಲೆಗೆ ಇವನ ಇಡೀ ಗ್ಯಾರೇಜೇ ಬರುತ್ತಿತ್ತು. ಕಾಸು ಕೊಟ್ಟು ಜೋರು ತರಲಾಗದವನು ಭಾರ ಇಳಿಸಿ ತರಬೇಕು. ತೂತು ಕೊರೆಯುವುದಕ್ಕೆ ಏನು ಖರ್ಚು? ಕಬ್ಬಿಣ ಕಂಡಲ್ಲೆಲ್ಲ ಕೊರೆದ. ಕೊನೆಗೆ ಮುಂದಿನ ಚಕ್ರದ ಬ್ರೇಕ್ ಡಿಸ್ಕಿಗೂ, ಬ್ರೇಕು ಕಚ್ಚಿ ಹಿಡಿಯುವ ಆ ಉಕ್ಕಿನ ಬಿಲ್ಲೆಗೂ, ಡ್ರಿಲ್ ಇಟ್ಟ.

ಬಟ್ಟೆ ಒಣಹಾಕುತ್ತಿದ್ದವಳು ಮೇಲಿಂದ ನೋಡಿ ಕೂಗಿದೆ: "ಅದೇನೋ ಅದು, ಜರಡಿ ಮಾಡ್ಬಿಟ್ಟೆ?"

"ಕಂಪ್ನಿಯವ್ರ ಡಿಸ್ಕಲ್ಲೂ ತೂತ್ ಇರ್ತದೆ ಮೇಡಂ. ಅದ್ಕೆ ಸಿಕ್ಕಾಪಟ್ಟೆ ರೇಟು. ಇದು ನಂದೇ ಕೈಯಿ. ಈ ಸಲ ಮೂರೂ ಸಿಗ್ತದೆ ನೋಡ್ತಿರಿ, ಜೋರು, ಜೋಪಾನ, ಜೇಬು!"

ಪಾಪಿ, ಎಷ್ಟು ಖುಷಿಯಾಗಿ ಹೇಳಿದ. ಊರಿಗೆಲ್ಲ ಎರಡೇ ಎಂದವನು ತನ್ನ ಮನೆಯವನಿಗೆ ಮಾತ್ರ ಮೂರನ್ನೂ ಕೊಡಲು ಹೊರಟಿದ್ದ. ಪ್ರೀತಿಯಿಂದಲೇ ಮಾಡಿದ.

ರೇಸ್ ಆದ ಮುಂದಿನ ವಾರ ಭಾನುಪ್ರಕಾಶ ಹರ್ಷಿತಾರ ಮಗಳು ಅನನ್ಯಳ ಕಿವಿ ಚುಚ್ಚುವುದೆಂದು ನಿಶ್ಚಯವಾಗಿತ್ತು. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಸಂಗಮೇಶ್ ಆಗಲೇ ಪುಟ್ಟ ಓಲೆ ತಂದು ಕೊಟ್ಟಿದ್ದ. ಹೊರಡುವ ದಿನ ಹರ್ಷಿತಾ ತಮಾಷೆ ಮಾಡಿದಳು: "ನಿನ್ ತೊಡೇಲಿ ಬರೀ ಮೂಳೆ ಕಣೋ. ಕಿವಿಗಿಂತ ಮುಂಚೆ ಅದೇ ಚುಚ್ತದೆ ಮಗೀಗೆ."

"ಗೆದ್ ಬಂದು ಒಬ್ಬಟ್ಟು ತಿಂದು ದಪ್ಪ ಆಯ್ತೀನಿ ಬುಡಕ್ಕ" ಎಂದು ಹೆಲ್ಮೆಟ್ ತಗುಲಿಸಿಕೊಂಡು ಹೋದ.

ಗೆದ್ದ. ವಿಮಾನ ಇಳಿಯುವ ಹಳೆಯ ರನ್‌ವೇ ಮೇಲೆ, ತಪಾಸಣೆಯವರೆಲ್ಲ ನೋಡಿ ಸರಿ ಎಂದ ಬೈಕಿನಲ್ಲಿ, ಎದುರಾಳಿಗಿಂತ ಮುಂದೆ ಗೆರೆ ದಾಟಿದ. ಆ ಫೋನು ಮೊದಲು ಬಂತು. ಹರ್ಷಿತಾ ಒಂದು ಹಿಡಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಸಕ್ಕರೆ ಇನ್ನೂ ನಾಲಿಗೆಯ ಮೇಲಿತ್ತು, ಎರಡನೆಯ ಫೋನು ಬಂತು. ಗೆರೆ ದಾಟಿದ ಮೇಲೆ ಬೈಕು ನಿಲ್ಲಬೇಕಲ್ಲ? ಬ್ರೇಕು ಹಿಡಿದಾಗ ಡಿಸ್ಕು ತೂತಿನಿಂದ ತೂತಿಗೆ ಸೀಳಿಕೊಂಡು ಮುರಿದು ಚಕ್ರಕ್ಕೆ ಸಿಕ್ಕಿಹಾಕಿಕೊಂಡಿತು. ಹುಡುಗ ಆಸ್ಪತ್ರೆ ತಲುಪಲಿಲ್ಲ.

ಯಾರೂ ಭಾನುಪ್ರಕಾಶನ ಮೇಲೆ ಬೆರಳು ತೋರಿಸಿರಲಿಲ್ಲ. ಮಣ್ಣು ಮಾಡಿ ಬಂದ ದಿನ ಅವನೇ ಹೆಂಡತಿಯ ಮುಂದೆ ಕೂತು ಹೇಳಿದ: "ನಾನೇ ಕೊರೆದಿದ್ದು ಹರ್ಷಿ." ಅವಳು ಬೈಯಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಅಡುಗೆ ಮಾಡಿ ಬಡಿಸುತ್ತಾಳೆ. ಅವನು ಈಗ ಸ್ಕೂಟರುಗಳ ಆಯಿಲ್ ಬದಲಿಸುತ್ತಾನೆ. ಡ್ರಿಲ್ ಮುಟ್ಟುವುದಿಲ್ಲ, ಒಂದು ಬೋಲ್ಟ್ ಬಿಗಿ ಮಾಡಿ ನಾಲ್ಕು ಸಲ ನೋಡುತ್ತಾನೆ. ನನಗೆ ಮಧ್ಯಾಹ್ನ ನಿದ್ದೆ ಮಾಡುವಷ್ಟು ನಿಶ್ಶಬ್ದ ಸಿಕ್ಕಿದೆ, ಬೆಂಕಿ ಬೀಳಲಿ ಆ ನಿದ್ದೆಗೆ.

ವರ್ಷ ಕಳೆದ ಮೇಲೆ ಹಿರಿಯರೆಲ್ಲ ಒತ್ತಾಯಿಸಿ ಕಿವಿ ಚುಚ್ಚಿಸಲು ಒಂದು ಭಾನುವಾರ ಗೊತ್ತು ಮಾಡಿದರು. ನಾನೂ ಹೋಗಿದ್ದೆ. ಕಿವಿ ಚುಚ್ಚಲು ಬಂದ ಆಚಾರಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ತಂತಿಯನ್ನು ಒರೆಸಿ ಸಿದ್ಧ ಮಾಡಿಕೊಂಡು ಕೇಳಿದ: "ಸೋದರಮಾವ ಎಲ್ರವ್ವಾ? ಬಂದು ಮಗೀನ ಕೂರಿಸ್ಕಳ್ಳಲಿ."

ಮೂಲೆಯಲ್ಲಿದ್ದ ಭಾನುಪ್ರಕಾಶ ಎದ್ದು ಬಂದು ಮಣೆಯ ಮೇಲೆ ಕೂತ. ಮಗಳಿಗಾಗಿ ಕೈ ಚಾಚಿದ. ಹರ್ಷಿತಾ ಆ ಕೈಗಳನ್ನೇ ನೋಡಿದಳು. ಎಷ್ಟೋ ತಿಂಗಳ ಮೇಲೆ ಅಂದು ಅವನ ಜೊತೆ ನೇರವಾಗಿ ಮಾತಾಡಿದಳು.

"ಬೇಡ ಬುಡಿ. ನೀವು ಕೊರೆದ ತೂತೇ ಸಾಕು ಈ ಮನೆಗೆ."

ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಆಚಾರಿ ಸಾಮಾನು ಕಟ್ಟಿಕೊಂಡ, ಬಂದವರು ಒಬ್ಬೊಬ್ಬರಾಗಿ ಎದ್ದರು. ಭಾನುಪ್ರಕಾಶ ಮಾತ್ರ ಮಣೆಯ ಮೇಲೆ ಹಾಗೆಯೇ ಕೂತಿದ್ದ, ಚಾಚಿದ ಕೈಯನ್ನು ಮಡಿಚಲೂ ಗೊತ್ತಾಗದವನ ಹಾಗೆ. ಅನನ್ಯಳ ಕಿವಿ ಇವತ್ತಿಗೂ ಬರಿದಾಗಿಯೇ ಇದೆ.