ಮೇ ಅಂದರೆ ಬಹುದು

ಆ ಭಾನುವಾರ ಐರ್ಲೆಂಡಿನ ಕಾರ್ಕ್ ಪಕ್ಕದ ಬ್ಯಾಲಿನ್‌ಕೊಲಿಗ್‌ನ ನಮ್ಮ ಅಡುಗೆಮನೆಯಲ್ಲಿ ಇದ್ದವರು ನಾನು, ನಮ್ಮ ಯಜಮಾನರು, ಮತ್ತೆ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಉಡುಪಿ ಕಡೆಯ ಹುಡುಗಿ. ಹುಡುಗಿ ಅಂದೆ, ಆದರೆ ಅವಳಿಗೆ ಎಂಟು ವರ್ಷದ ಮಗಳಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಇಲ್ಲಿಗೆ ಬಂದು, ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಆ ತಾಯಿಯೂ ಅವತ್ತು ನಮ್ಮ ಜೊತೆಗೇ ಇದ್ದರು ಅನ್ನಬೇಕು. ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ, ಅರ್ಧ ಮುಖ, ಅರ್ಧ ಫ್ಯಾನು.

ನಮ್ಮ ಯಜಮಾನರಂಥ ಸಾಫ್ಟ್‌ವೇರಿನವರಿಗೆ ಈ ದೇಶದಲ್ಲಿ ಮೊದಲ ದಿನದಿಂದಲೇ ಸಂಸಾರವನ್ನು ಕರೆತರುವ ಅವಕಾಶವಿದೆ. ಇಲ್ಲಿನ ಮುದುಕರಿಗೆ ತುತ್ತು ತಿನ್ನಿಸಿ ಮೈ ಒರೆಸುವ ಇವಳಂಥವರಿಗೆ ಇರಲಿಲ್ಲ. ಒಂದು ವರ್ಷ ಕಳೆಯಬೇಕು, ಆಮೇಲೂ ಸಂಬಳ ಒಂದು ಗೆರೆ ದಾಟಬೇಕು, ಆಗ ಮಗುವಿನ ಮಾತು. ಇಂಥದೊಂದು ಕಾನೂನು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ಅವಳು ನಮ್ಮ ಮನೆಗೆ ಬಂದ ಮೇಲೆ ಕಲಿತೆ.

ವಾಟ್ಸಾಪಿನಲ್ಲಿ ದಿನಕ್ಕೊಂದು ಸುದ್ದಿ ಹಾರಿ ಬರುತ್ತಿತ್ತು. ಕಾನೂನು ತೆಗೆದುಹಾಕಿದರಂತೆ, ಇನ್ನೂ ಬಿಗಿ ಮಾಡಿದರಂತೆ, ಅತ್ಲೋನ್ ಊರಿನಲ್ಲಿ ಯಾರಿಗೋ ಸಿಕ್ಕಿತಂತೆ. ಈ ಅಂತೆಗಳಿಂದ ಅವಳ ನಿದ್ದೆ ಕೆಡುವುದನ್ನು ನೋಡಿ ನಾವೊಂದು ಪದ್ಧತಿ ಇಟ್ಟುಕೊಂಡೆವು. ಭಾನುವಾರ ತಿಂಡಿ ಆದ ಮೇಲೆ ಸರಕಾರದ ವೆಬ್‌ಸೈಟನ್ನೇ ತೆರೆದು ನೋಡುವುದು. ಯಜಮಾನರು ಇಂಗ್ಲಿಷಿನಲ್ಲಿ ಓದುವುದು, ನಾನು ಕನ್ನಡದಲ್ಲಿ ಬಿಡಿಸಿ ಹೇಳುವುದು. ನಮ್ಮ ತಾತ ಬೀದಿಯವರ ಕಾಗದಗಳನ್ನು ಹೀಗೇ ಬಿಡಿಸಿ ಹೇಳುತ್ತಿದ್ದರು. ನನ್ನ ಕನ್ನಡ ಅವರ ಪಕ್ಕ ಕೂತು ಬಂದದ್ದು. ಯಜಮಾನರ ಓದಿಗೋ ಕೋರ್ಟಿನ ಗತ್ತು.

"ಭಾವ, ನೀವು ಓದುದು ಕೇಳಿದ್ರೆ ನಂಗೇ ಶಿಕ್ಷೆ ಆದ ಹಾಗೆ ಆಗ್ತದೆ," ಅನ್ನುವಳು ಅವಳು.

"ಸುಮ್ನಿರಮ್ಮ, ಇದು ಸರ್ಕಾರ. ಹಾಡಿನ ಥರ ಓದಕ್ಕಾಗಲ್ಲ," ಅನ್ನುವರು ಇವರು.

ಆ ದಿನ ಪುಟದಲ್ಲಿ ಒಂದು ಹೊಸ ಸಾಲು ಸೇರಿತ್ತು. ಇವರು ಗಂಟಲು ಸರಿಮಾಡಿಕೊಂಡು "ಪರ್ಮಿಷನ್ ಮೇ ಬಿ ಗ್ರಾಂಟೆಡ್" ಎಂದು ಎರಡು ಸಲ ಓದಿದರು. ಇಲ್ಲಿ ತಿಂಡಿಯ ಹೊತ್ತು, ಅಲ್ಲಿ ಊಟದ ಹೊತ್ತು. ಸರಿಯಾಗಿ ಆಗಲೇ ಉಡುಪಿಯಲ್ಲಿ ಕುಕ್ಕರ್ ಕೂಗಿತು.

"ಗೊತ್ತಾಯ್ತು, ಗೊತ್ತಾಯ್ತು. ದೇವರು ದೊಡ್ಡವನು. ಕುಕ್ಕರ್ ಕೂಗ್ತಾ ಉಂಟು, ಇಡ್ತೇನೆ," ಎಂದು ಅಜ್ಜಿ ಫೋನ್ ಇಟ್ಟೇಬಿಟ್ಟರು. ನನ್ನ ಕನ್ನಡ ಬರುವವರೆಗೂ ಕಾಯಲಿಲ್ಲ.

ನಾನು ಅವಳಿಗೆ ಹೇಳಿದೆ: "ಕೊಡಬಹುದು ಅಂತ ಇದೆ ಕಣೆ. ಕೊಡ್ತೀವಿ ಅಂತ ಇಲ್ಲ." ಅವಳು ತಲೆಯಾಡಿಸಿ ತಟ್ಟೆ ತೊಳೆಯಲು ಎದ್ದಳು.

ಏಪ್ರಿಲಿನಲ್ಲಿ ಒಂದು ಸಂಜೆ ಅವಳು ಫೋನ್ ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದಳು. "ಅಕ್ಕ, ಅಮ್ಮ ಎಂತ ಮಾಡಿದ್ದಾರೆ ಕೇಳಿ!"

ಅಜ್ಜಿ ಶಾಲೆಗೆ ಹೋಗಿ ಮೊಮ್ಮಗಳ ಟಿಸಿ ತೆಗೆಸಿಕೊಂಡು ಬಂದಿದ್ದರು. ಯೂನಿಫಾರ್ಮನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟೂ ಆಗಿತ್ತು.

"ಯಾಕಮ್ಮಾ?" ಎಂದು ಫೋನಿಗೆ ಬಗ್ಗಿ ಅಜ್ಜಿಯನ್ನು ಕೇಳಿದೆ.

"ಯಾಕೆ ಅಂದ್ರೆ? ನಿಮ್ಮ ಯಜಮಾನ್ರೇ ಓದಿದ್ದಲ್ವಾ? ಮೇ ಅಂದ್ರು. ಗ್ರ್ಯಾಂಡ್ ಅಂದ್ರು. ಎರಡೆರಡು ಸಲ ಅಂದ್ರು!"

ಇದನ್ನು ಸ್ವಲ್ಪ ವಿವರಿಸಬೇಕು. ಐರ್ಲೆಂಡಿನಲ್ಲಿ ಗ್ರ್ಯಾಂಡ್ ಅಂದರೆ ವೈಭವವಲ್ಲ. ಚೆನ್ನಾಗಿದೆ, ಆಯ್ತು, ಪರವಾಗಿಲ್ಲ, ಎಲ್ಲಕ್ಕೂ ಅದೇ ಮಾತು. ನಾವೂ ಅದನ್ನು ಕನ್ನಡದೊಳಕ್ಕೆ ಬಿಟ್ಟುಕೊಂಡಿದ್ದೇವೆ. ಊಟ ಆಯ್ತಾ ಎಂದು ತಾಯಿ ಕೇಳಿದಾಗಲೆಲ್ಲ ಇವಳು "ಆಯ್ತಮ್ಮ, ಗ್ರ್ಯಾಂಡ್" ಎಂದು ಹೇಳಿ ಹೇಳಿ, ಅಜ್ಜಿಗೂ ಅದು ಬಾಯಿಪಾಠ. ಮೇ ತಿಂಗಳು, ಎಲ್ಲ ಚೆನ್ನಾಗಿದೆ. ಅವರಿಗೆ ಕೇಳಿಸಿದ್ದು ಅಷ್ಟೇ, ಮತ್ತು ಅವರ ಲೆಕ್ಕದಲ್ಲಿ ಅಷ್ಟು ಸಾಕಾಗಿತ್ತು.

ಮೊದಲು ನಕ್ಕವರು ಯಜಮಾನರು. ಆಮೇಲೆ ನಾನು. ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಿದ್ದವಳು ಯಾವಾಗ ಅಳುವುದಕ್ಕೆ ಶುರುಮಾಡಿದಳೋ ನಮಗೆ ತಿಳಿಯಲಿಲ್ಲ. ಅಷ್ಟರಲ್ಲಿ ಫೋನಿನಲ್ಲಿ ಮಗು ಬಂದಿತ್ತು.

"ಅಮ್ಮ, ಮೇ ಅಲ್ವಾ?"

"ಅಲ್ಲ ಮಗಾ..."

ಮಗು ಎದ್ದು ಹೋಯಿತು. ಆಮೇಲಿನ ದಿನಗಳಲ್ಲಿ ಫೋನಿಗೆ ಬರಲೇ ಇಲ್ಲ. ಆಟಕ್ಕೆ ಹೋಗಿದೆ, ಮಲಗಿದೆ ಎಂದು ಅಜ್ಜಿ ಏನೋ ಒಂದು ಹೇಳುವರು. ಹಿಂದೆ ಬಾಗಿಲ ಸಂದಿಯಲ್ಲಿ ಎರಡು ಪುಟ್ಟ ಪಾದ ನಮಗೆ ಕಾಣುತ್ತಿದ್ದವು.

"ನಾನು ಸುಳ್ಳು ಹೇಳಿದ್ದು ಅಂತ ಆಯ್ತಲ್ಲ ಅಕ್ಕ ಅವಳಿಗೆ," ಅಂದಳು ಒಂದು ದಿನ, ಅಕ್ಕಿ ತೊಳೆಯುತ್ತಾ. "ನಾಳೆ ನಿಜವಾಗ್ಲೂ ಬಾ ಅಂದ್ರೆ, ಅವಳು ಬರುದುಂಟಾ?"

ಕಾನೂನು ಮಗುವನ್ನು ದೂರ ಇಟ್ಟಿತ್ತು ನಿಜ, ಆದರೆ ಇದು ಇನ್ನೊಂದು ಬಗೆಯ ದೂರ.

ನಮ್ಮನ್ನು ಕಾಪಾಡಿದ್ದು ಆ ಶಾಲೆಯ ದೊಡ್ಡ ಟೀಚರ್. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ. ಇವಳು ಹೆದರಿಕೊಂಡೇ ಫೋನ್ ಮಾಡಿದರೆ ಅವರು, "ಎಂತ ಮಾರಾಯ್ತಿ, ವಿಸಾ ತೋರಿಸಿ ಅಂದೆ ನಾನು. ನಿನ್ನ ಅಮ್ಮನ ಬಾಯಲ್ಲೇ ಇತ್ತು ವಿಸಾ! ಆ ಟಿಸಿ ವಾಪಸ್ ಕಳಿಸು, ಅವಳ ಜಾಗ ಎಲ್ಲಿಗೂ ಹೋಗುದಿಲ್ಲ," ಅಂದರಂತೆ. ಅಷ್ಟಕ್ಕೇ ಬಿಡಲಿಲ್ಲ. ಮಗುವನ್ನು ಕರೆಸಿ, ಹಲಗೆಯ ಮೇಲೆ ಬರೆದು, ಇಂಗ್ಲಿಷಿನಲ್ಲಿ ಎರಡು ಮೇ ಇವೆ, ಒಂದು ತಿಂಗಳು, ಇನ್ನೊಂದು ನಮ್ಮ ಬಹುದು, ನಿನ್ನ ಅಮ್ಮ ಇರುವ ಮನೆಯವರು ಓದಿದ್ದು ಎರಡನೆಯದನ್ನು ಎಂದು ತಿಳಿಸಿ ಹೇಳಿದರು. ಆ ಟೀಚರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ.

ಮುಂದಿನ ಭಾನುವಾರ ಫೋನಿನಲ್ಲಿ ಮಗು ಕೂತಿತ್ತು. ಎರಡು ಜಡೆ, ಗಂಭೀರ ಮುಖ.

"ಮಾಮ, ನೀವು ಓದಿದ್ದು ಯಾವ ಮೇ?"

"ಎರಡನೇದು ಪುಟ್ಟ."

"ಬಹುದು ಅಂದ್ರೆ, ಆಗದೇನೂ ಇರಬಹುದಲ್ವಾ?"

ಯಜಮಾನರು ನನ್ನ ಮುಖ ನೋಡಿದರು. "ಹೌದು," ಅಂದರು.

"ಹಾಗಾದ್ರೆ ಹಾಗೇ ಹೇಳ್ಬೇಕಿತ್ತು," ಅಂದಿತು ಮಗು. ತಾಯಿಯ ಕಡೆ ತಿರುಗಿ, "ಅಮ್ಮ, ನೀನು ಊಟ ಮಾಡಿದ್ಯಾ?" ಎಂದು ಕೇಳಿತು. ಇವಳು ಬಾಯಿಗೆ ಸೆರಗಿಲ್ಲದೆ ಸ್ವೆಟರಿನ ತೋಳನ್ನೇ ಒತ್ತಿಕೊಂಡಳು.

ಅಲ್ಲಿಂದ ಪ್ರತಿ ಭಾನುವಾರದ ಓದಿಗೆ ಮಗು ಹಾಜರ್. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಈ ವಾರ ಏನೂ ಇಲ್ಲ ಎಂದರೆ "ಸರಿ ಆಂಟಿ" ಎಂದು ಶಾಲೆಯ ಕಥೆಗೆ ಹೊರಳುತ್ತಿತ್ತು. ನಮಗೆ ಇನ್ನೊಬ್ಬರ ನೆರವೂ ಸಿಕ್ಕಿತು. ನರ್ಸಿಂಗ್ ಹೋಮಿನಲ್ಲಿ ಒಬ್ಬರು ಹಳೆಯ ಪೋಸ್ಟ್‌ಮ್ಯಾನ್ ಇದ್ದರು, ರೇಡಿಯೊ ಕಿವಿಯಿಂದ ತೆಗೆದವರಲ್ಲ. ಸುದ್ದಿಯಲ್ಲಿ ವರ್ಕ್ ಪರ್ಮಿಟ್ಟಿನ ಮಾತು ಬಂದರೆ ಎದೆನೋವು ಬಂದವರಂತೆ ಬೆಲ್ ಒತ್ತುವರಂತೆ. ಇವಳು ಓಡಿಹೋದರೆ, "ನನಗೇನೂ ಇಲ್ಲ, ಕೂತು ಕೇಳು" ಅನ್ನುವರಂತೆ. ಇವಳಂಥವರ ಕೆಲಸದ ಸಂಬಳ ಏರುತ್ತದೆ ಎಂಬ ಸುದ್ದಿಯನ್ನು ನಮ್ಮೆಲ್ಲರಿಗಿಂತ ಮೊದಲು ತಿಳಿಸಿದ್ದು ಆ ಬೆಲ್ಲೇ. ಏರಿತು. ಗೆರೆ ದಾಟಿತು. ಒಂದು ವರ್ಷವೂ ತುಂಬಿತ್ತು, ಅರ್ಜಿ ಹಾಕಿದಳು, ಒಪ್ಪಿಗೆಯೂ ಬಂತು.

ಮಗು ಬಂದದ್ದು ನವೆಂಬರಿನಲ್ಲಿ, ರಜೆಗೆ ಊರಿಗೆ ಹೋಗಿದ್ದ ಮಂಗಳೂರಿನ ಒಂದು ಕುಟುಂಬದ ಜೊತೆ. ಡಬ್ಲಿನ್ ವಿಮಾನ ನಿಲ್ದಾಣದಲ್ಲಿ ಟ್ರಾಲಿ ಬಿಟ್ಟು ಓಡಿ ಬಂತು. ಇವಳು ನೆನಪಿನ ಅಳತೆಗೆ ಕೊಂಡಿಟ್ಟಿದ್ದ ಚಳಿಯ ಬೂಟು ಕಾಲಿಗೆ ಹತ್ತಲಿಲ್ಲ. ಎರಡು ಜೊತೆ ಕಾಲುಚೀಲ ಹಾಕಿಸಿ, ಚಪ್ಪಲಿಯಲ್ಲೇ ಕಾರಿಗೆ ಕರೆತಂದೆವು. ಮರುದಿನ ಕಾರ್ಕ್ ಪೇಟೆಯ ಅಂಗಡಿಗೆ ಹೋದಾಗ ಅಲ್ಲಿನ ಹೆಂಗಸು ಬಿಲ್ಲನ್ನೂ ಕೇಳದೆ ಬೂಟು ವಾಪಸ್ ಇಟ್ಟುಕೊಂಡಳು. ಮಗುವನ್ನು ಸ್ಟೂಲಿನ ಮೇಲೆ ಕೂರಿಸಿ ಪಾದದ ಅಳತೆ ತೆಗೆದು, ತಾಯಿಗೆ ತೋರಿಸಿದಳು. ಹೊಸ ಬೂಟಿನ ಲೇಸನ್ನು ತಾಯಿಯೇ ಬಗ್ಗಿ ಕಟ್ಟಿದಳು.