ನಂಜಯ್ಯ ಕಟ್ಟಿದ ಹಗ್ಗ

ನಮ್ಮ ಹಿಟ್ಟಿನ ಗಿರಣಿಯ ಬಲ್ಬು ಮಂಕಾದಾಗಲೆಲ್ಲ ನಾನು ನಂಜಯ್ಯನವರಿಗೆ ಹಿಡಿಶಾಪ ಹಾಕಿದ್ದೇನೆ. ಕುಂಬಾರಕೊಪ್ಪಲಿನಲ್ಲಿ ನನ್ನ ಗಿರಣಿಗೂ ಅವರ ವೆಲ್ಡಿಂಗ್ ಶಾಪಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಅವರು ಕಬ್ಬಿಣಕ್ಕೆ ರಾಡು ಮುಟ್ಟಿಸಿದರೆ ಈ ಕಡೆ ನನ್ನ ಮೋಟರು ನರಳುತ್ತಿತ್ತು, ಬಲ್ಬು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ರಾಗಿ ಅರ್ಧ ಬೀಸಿ ಕಲ್ಲು ನಿಂತರೆ ಗಿರಾಕಿಗಳು ಬೈಯುವುದು ನನ್ನನ್ನು.

"ನಂಜಯ್ಯನೋರೆ, ನಿಮ್ ಮೆಷಿನ್ನು ಇಡೀ ಬೀದಿ ಕರೆಂಟ್ ಕುಡೀತದೆ ಕಣ್ರೀ!" ಎಂದು ಬಾಗಿಲಿಗೆ ಬಂದು ಕೂಗುತ್ತಿದ್ದೆ.

ಅವರು ಮುಖಕ್ಕೆ ಹಿಡಿದ ಕಪ್ಪು ಗ್ಲಾಸನ್ನು ಇಳಿಸಿ, "ಅದ್ಕೂ ಒಟ್ಟೆ ಐತಲ್ಲಾ ಗಿರಿಜಮ್ಮೋರೆ" ಎನ್ನುತ್ತಿದ್ದರು. ಆಮೇಲೆ ಮತ್ತೆ ಬಲ್ಬು ಮಂಕು. ಈ ಜಗಳವಿಲ್ಲದಿದ್ದರೆ ನಮ್ಮಿಬ್ಬರಿಗೂ ದಿನ ಸರಿಯಾಗಿ ಶುರುವಾಗುತ್ತಿರಲಿಲ್ಲ.

ಹಾಗೆ ಬೈದು ಬೈದು ನನಗೊಂದು ವಿದ್ಯೆ ಬಂದಿತ್ತು. ಗೋಡೆಯಾಚೆ ಯಾರ ಕೈಯಲ್ಲಿ ರಾಡು ಕಚ್ಚಿಸುವ ಹೋಲ್ಡರ್ ಇದೆ ಎಂದು ಬಲ್ಬು ನೋಡಿಯೇ ಹೇಳುತ್ತಿದ್ದೆ. ನಂಜಯ್ಯನವರಾದರೆ ಬಲ್ಬು ಒಮ್ಮೆ ಇಳಿದು ಹಾಗೇ ನಿಲ್ಲುತ್ತಿತ್ತು. ಅವರ ಜೊತೆ ಕೆಲಸಕ್ಕಿದ್ದ ಲೋಕೇಶನಾದರೆ ಬಿಕ್ಕಳಿಕೆ ಬಂದವರಂತೆ ಪಕಪಕ ಎನ್ನುತ್ತಿತ್ತು, ಏಕೆಂದರೆ ಅವನ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳುತ್ತಲೇ ಇರುತ್ತಿತ್ತು. ಒಂದು ದಿನ ಬಲ್ಬು ನಂಜಯ್ಯನವರಿಗಿಂತ ನಯವಾಗಿ ಇಳಿಯಿತು. ಯಾರಪ್ಪ ಹೊಸಬರು ಎಂದು ಇಣುಕಿದರೆ, ಅವರ ಮಗಳು ಸುಚಿತ್ರಾ. ಕಾಲೇಜಿನಿಂದ ಬಂದವಳು ಬ್ಯಾಗನ್ನು ಮೊಳೆಗೆ ಸಿಕ್ಕಿಸಿ, ಮುರಿದ ಗ್ರಿಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಅಪ್ಪ ಪಕ್ಕದಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದರು. ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಮುಂದಿನದನ್ನು ಇವತ್ತಿಗೂ ಕ್ಷಮಿಸಲು ನನ್ನಿಂದಾಗಿಲ್ಲ.

ಅವರ ಮೆಷಿನ್ನಿನ ವಿಷಯ ಹೇಳಬೇಕು. ಹೊಟ್ಟೆ ತುಂಬ ಎಣ್ಣೆ ತುಂಬಿಕೊಂಡ ಹಳೇ ಕಾಲದ ಕಬ್ಬಿಣದ ಪೆಟ್ಟಿಗೆ ಅದು. ಹೊರಗಿನ ಕೆಲಸಕ್ಕೆ ಒಯ್ಯಬೇಕಾದರೆ ಅದಕ್ಕೆ ಹಗ್ಗ ಬಿಗಿದು, ಸರ್ವೆ ಮರದ ಅಡ್ಡೆಗೆ ನೇತು ಹಾಕಿ, ಇಬ್ಬರು ಹಿಂದೊಬ್ಬರು ಮುಂದೊಬ್ಬರು ಹೆಗಲು ಕೊಟ್ಟು ಗೂಡ್ಸ್ ಆಟೋದವರೆಗೆ ಹೊರಬೇಕು. ಹಗ್ಗ ಜರುಗದಿರಲೆಂದು ಅಡ್ಡೆಯ ನಟ್ಟನಡುವೆ ಒಂದು ಕಚ್ಚು ಕೊರೆದಿದ್ದರು. ಭಾರ ಇಬ್ಬರಿಗೂ ಸಮ ಬೀಳುವುದು ಹಗ್ಗ ಆ ಕಚ್ಚಿನಲ್ಲಿ ಕೂತಾಗ ಮಾತ್ರ. ಅಡ್ಡೆಗೆ ಹೆಗಲು ಕೊಟ್ಟವರಿಗೇ ಶಾಪಿನಲ್ಲಿ ಕಾಯಂ ಆಗಿ ಹೋಲ್ಡರ್ ಹಿಡಿಯುವ ಹಕ್ಕು. ನಂಜಯ್ಯನವರಿಗೆ ಕೆಲಸ ಕಲಿಸಿದ ಮೇಸ್ತ್ರಿ ಇಟ್ಟಿದ್ದ ಕಟ್ಟಳೆ ಅದು, ಇವರೂ ಅದನ್ನೇ ನಡೆಸಿಕೊಂಡು ಬಂದಿದ್ದರು. ಲೋಕೇಶನೂ ಹಾಗೇ ಹೊತ್ತು ಒಳಗೆ ಬಂದವನು.

ಸುಚಿತ್ರಾ ಕಾಲೇಜು ಮುಗಿಸಿ, "ನಾನೂ ಶಾಪಿಗೇ ಬತ್ತೀನಿ ಕಣಪ್ಪ, ಬೋರ್ಡಲ್ಲಿ ನನ್ನ ಹೆಸ್ರೂ ಬರ್ಸು" ಎಂದಳು. ನಂಜಯ್ಯನವರ ಹೆಂಡತಿ ಮಾದೇವಮ್ಮ ಮನೆಯಲ್ಲಿ ರಂಪ ಮಾಡಿದರು. ಮುಖಕ್ಕೆ ಕಿಡಿ ಹಾರಿದರೆ ಯಾವ ಗಂಡು ಒಪ್ಪುತ್ತಾನೆ, ಊರಿನ ನೆಂಟರು ಏನಂದಾರು, ಎಲ್ಲ ಬಂತು. ನಂಜಯ್ಯನವರಿಗೆ ಹೆಂಡತಿಯ ಎದುರು ಹೂಂ ಎನ್ನುವ ಧೈರ್ಯವೂ ಇರಲಿಲ್ಲ, ಮಗಳ ಎದುರು ಉಹೂಂ ಎನ್ನುವ ಧೈರ್ಯವೂ ಇರಲಿಲ್ಲ. ಆಗ ಅವರಿಗೆ ಅಡ್ಡೆ ನೆನಪಾಯಿತು.

"ಹೊರು. ಹೊತ್ರೆ ಹೋಲ್ಡರ್ ನಿಂದು" ಎಂದರು.

ಅವತ್ತು ಬೋಗಾದಿಯಲ್ಲಿ ಯಾರದೋ ಹೊಸ ಮನೆಗೆ ಗೇಟು ಕೂರಿಸುವುದಿತ್ತು. ಆಟೋ ಬಂದು ರಸ್ತೆಯಾಚೆ ನಿಂತಿತ್ತು. ಸುಚಿತ್ರಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಅಡ್ಡೆಯ ಹಿಂದಿನ ತುದಿಗೆ ಹೆಗಲು ಕೊಟ್ಟಳು. ಮುಂದೆ ಅಪ್ಪ. ನಾನು ಗಿರಣಿ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದೆ. ಎತ್ತಿದಳು! ಸುಳ್ಳು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ, ಎತ್ತಿ ನಡೆದಳು. ರಸ್ತೆಯ ನಡುವೆ ಅವಳ ಮೊಣಕಾಲು ಕುಸಿಯಿತು, ಮೆಷಿನ್ನು ಧೊಪ್ಪೆಂದು ನೆಲಕ್ಕೆ ಕೂತಿತು, ಮುಚ್ಚಳದಿಂದ ಎಣ್ಣೆ ಚೆಲ್ಲಿತು.

"ಆಗಕ್ಕಿಲ್ಲ ಕಣವ್ವ. ಇದು ಗಂಡಸ್ರ ಕೆಲ್ಸ, ಬುಟ್ಬುಡು" ಎಂದರು ನಂಜಯ್ಯ.

ಅವಳು ಬಾಗಿ ಹಗ್ಗದ ಗಂಟನ್ನು ಸ್ವಲ್ಪ ಹೊತ್ತು ನೋಡಿದಳು. ನಲ್ಲಿಯಲ್ಲಿ ಕೈ ತೊಳೆದಳು. ಮನೆಗೆ ಹೋದಳು. ಆಮೇಲೆ ನನ್ನ ಬಲ್ಬು ಅಷ್ಟು ನಯವಾಗಿ ಯಾವತ್ತೂ ಇಳಿಯಲಿಲ್ಲ.

ಅವಳ ಬಾಳು ಹಾಳಾಯಿತೆಂದು ನಾನು ಹೇಳುತ್ತಿಲ್ಲ. ರಾಮಕೃಷ್ಣನಗರದ ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದಳು, ಇವತ್ತಿಗೂ ಅಲ್ಲೇ ಇದ್ದಾಳೆ. ಕೊರಿಯರ್ ಆಫೀಸಿನ ವಿಜಯ್‌ಕುಮಾರನ ಜೊತೆ ಮದುವೆಯಾಯಿತು, ಒಳ್ಳೆಯ ಹುಡುಗ. ಹಬ್ಬಕ್ಕೆ ತವರಿಗೆ ಬಂದರೆ ನನ್ನ ಗಿರಣಿಗೂ ಬಂದು ಕೂತು ಹರಟುತ್ತಾಳೆ. ಆದರೆ ಪಕ್ಕದ ಶಾಪಿನ ಹೊಸ್ತಿಲು ತುಳಿಯುವುದಿಲ್ಲ. ಅಪ್ಪನಿಗೆ ಊಟದ ಡಬ್ಬಿ ತಂದರೂ ಹೊರಗಿನಿಂದಲೇ ಕೊಟ್ಟು ಹೋಗುತ್ತಾಳೆ.

ವರ್ಷಗಳು ಕಳೆದವು. ಲೋಕೇಶ ಬೋಗಾದಿಯಲ್ಲಿ ಸ್ವಂತ ಶಾಪು ಹಾಕಿಕೊಂಡ. ಅಡ್ಡೆ ಹೊತ್ತು ಹೊತ್ತು ನಂಜಯ್ಯನವರ ಬಲಭುಜ ಮೇಲಕ್ಕೇ ಏಳದಂತಾಯಿತು. ಊರೆಲ್ಲ ಮೂರು ನಾಲ್ಕು ಮಹಡಿ ಎದ್ದವು, ಆ ಎಣ್ಣೆ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವವರು ಯಾರು? ಹೋದ ವರ್ಷ ಒಂದು ಬೆಳಿಗ್ಗೆ ಅವರು ಮಕ್ಕಳ ಸ್ಕೂಲ್ ಬ್ಯಾಗಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಪಟ್ಟಿಯಿಂದ ಹೆಗಲಿಗೆ ನೇತು ಹಾಕಿಕೊಂಡು ತಂದು ನನ್ನ ತಕ್ಕಡಿಯ ಪಕ್ಕ ಇಟ್ಟರು.

"ವಸಾ ಮೆಷಿನ್ನು. ದೂಳು ಬಿದ್ರೂ, ಮಹಡಿಯಿಂದ ಕೆಳಕ್ಕೆ ಬಿದ್ರೂ ಏನೂ ಆಗಕ್ಕಿಲ್ವಂತೆ. ಫ್ಯಾಕ್ಟ್ರಿ ಕೆಲ್ಸಕ್ಕೂ ಇದೇ ಅಂತೆ. ನಿಮ್ ಕರೆಂಟೂ ಕುಡಿಯಕ್ಕಿಲ್ಲ, ನೋಡಿ ಬೇಕಾದ್ರೆ."

ಅಲ್ಲೇ ಪ್ಲಗ್ಗಿಗೆ ಸಿಕ್ಕಿಸಿ, ನನ್ನ ಮುರಿದ ಸ್ಟೂಲಿನ ಕಾಲಿಗೆ ರಾಡು ಮುಟ್ಟಿಸಿದರು. ಕಿಡಿ ಹಾರಿತು, ಗಿರಣಿ ತನ್ನ ಪಾಡಿಗೆ ಓಡುತ್ತಿತ್ತು, ಬಲ್ಬು ಅಲ್ಲಾಡಲಿಲ್ಲ. ನಾನು ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದೆ. ಗಿರಾಕಿಗಳು ತರುವ ರಾಗಿ ಚೀಲ ಇದಕ್ಕಿಂತ ಭಾರ. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಇದು ಆವಾಗ್ಲೇ ಬಂದಿದ್ರೆ ನಮ್ ಸುಚಿತ್ರಾ..." ಎಂದುಬಿಟ್ಟೆ.

ನಂಜಯ್ಯನವರು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು.

"ಅವ್ಳು ಬೀಳ್ಸಿಲ್ಲ ಗಿರಿಜಮ್ಮೋರೆ. ನಾನು ಬೀಳ್ಸಿದ್ದು. ಅಗ್ಗಾನ ಕಚ್ಚಿಗೆ ಕಟ್ಟಿರ್ಲಿಲ್ಲ. ಒಂದು ಗೇಣು ಅವಳ ಕಡೀಕೆ ಜರುಗ್ಸಿ ಬಿಗ್ದಿದ್ದೆ. ಭಾರ ಎಲ್ಲಾ ಮಗೀನ ಹೆಗಲ್ಮೇಲೆ. ಅಂಗಿದ್ರೂ ನಡುರಸ್ತೆ ಗಂಟ ಬಂದ್ಬುಟ್ಲು!"

ನನಗೆ ಮೈಯೆಲ್ಲ ಉರಿಯಿತು. "ಥೂ ನಿಮ್ಮ! ಬೇಡ ಅನ್ನಕ್ಕೆ ಬಾಯಿರ್ಲಿಲ್ವ? ಮಗು ಆವತ್ತಿಂದ ತನ್ನ ಕೈಲೇ ಆಗ್ಲಿಲ್ಲ ಅಂದ್ಕೊಂಡು ಬದುಕ್ತಾ ಅವ್ಳಲ್ರೀ!" ಎಂದು ಗಿರಾಕಿಗಳೆದುರೇ ಬೈದೆ. ಅವರು ತಲೆ ಎತ್ತಲಿಲ್ಲ.

"ಈ ಸಲ ಆಯುಧ ಪೂಜೆಗೆ ಕರ್ದು ಹೇಳ್ಬುಡ್ತೀನಿ. ಕಾಲಿಗಾದ್ರೂ ಬೀಳ್ತೀನಿ. ಈ ಮೆಷಿನ್ನು ಅವಳ್ಗೇ ಕಣ್ರೀ ತಂದಿರೋದು. ಶಾಪ್ನೂ ಅವಳ್ಗೇ ಬುಟ್ಕೊಡ್ತೀನಿ. ತಗೊಂಡಾಳಾ?"

ತಗೊಳ್ಳಲಿ ಎಂದು ನಾನೂ ಬೇಡಿಕೊಂಡೆ. ಸಿಟ್ಟಿದ್ದರೂ ಬೇಡಿಕೊಂಡೆ.

ಪೂಜೆಯ ದಿನ ಅಪ್ಪ ಹಟ ಹಿಡಿದದ್ದಕ್ಕೆ ಸುಚಿತ್ರಾ ಗಂಡನ ಜೊತೆ ಬಂದು, ಎಷ್ಟೋ ವರ್ಷಗಳ ಮೇಲೆ ಶಾಪಿನ ಹೊಸ್ತಿಲು ದಾಟಿದಳು. ಮೂಲೆ ಸೇರಿದ್ದ ಎಣ್ಣೆ ಮೆಷಿನ್ನಿಗೂ ವಿಭೂತಿ ಬಳಿದಿದ್ದರು. ಹೊಸ ಮೆಷಿನ್ನು ಸ್ಟೂಲಿನ ಮೇಲೆ ಸೇವಂತಿಗೆ ಹೂ ಹೊತ್ತು ಕೂತಿತ್ತು. ಗೋಡೆಗೆ ಒರಗಿಸಿದ ಅಡ್ಡೆಯನ್ನೂ ತೊಳೆದು ಇಟ್ಟಿದ್ದರು.

"ಕುಂಕುಮ ನೀನೇ ಇಕ್ಕು ಮಗ" ಎಂದರು ನಂಜಯ್ಯ. ಆರತಿ ತಟ್ಟೆ ಹಿಡಿದು ಮಾತು ಹುಡುಕುತ್ತಾ ನಿಂತಿದ್ದರು.

ಅವಳು ಮೆಷಿನ್ನುಗಳಿಗೆ ಇಟ್ಟಳು, ಗ್ರೈಂಡರಿಗೆ, ಸುತ್ತಿಗೆಗೆ ಇಟ್ಟಳು. ಕೊನೆಗೆ ಅಡ್ಡೆಯ ಹತ್ತಿರ ಬಂದು ನಡುವಿನ ಕಚ್ಚಿಗೆ ಒಂದು ಬೊಟ್ಟು ಇಟ್ಟಳು. ಅಲ್ಲಿಂದ, ತಾನು ಅವತ್ತು ಹೆಗಲು ಕೊಟ್ಟಿದ್ದ ಹಿಂದಿನ ತುದಿಯ ಕಡೆಗೆ ಕೈಯಗಲಿಸಿ ಗೇಣು ಅಳೆದು, ಇನ್ನೊಂದು ಬೊಟ್ಟು ಇಟ್ಟಳು.

ನಂಜಯ್ಯನವರು ಆರತಿ ತಟ್ಟೆಯನ್ನು ನನ್ನ ಕೈಗಿಟ್ಟು ಅಡ್ಡೆಯ ಹತ್ತಿರ ಬಂದರು.

"ಗೊತ್ತಿತ್ತೇನವ್ವ ನಿಂಗೆ?"

"ಆವತ್ತೇ ನೋಡ್ದೆ ಕಣಪ್ಪ."

"ಗೊತ್ತಿದ್ದೂ ಯಾಕವ್ವ ಸುಮ್ಕಿದ್ದೆ? ಒಂದ್ ಮಾತು ಬೈದಿದ್ರೆ ಅಗ್ಗ ಮಧ್ಯಕ್ಕೆ ಕಟ್ತಿದ್ನಲ್ಲ!"

ಸುಚಿತ್ರಾ ಬೆರಳಿಗಂಟಿದ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು. ದನಿ ಏರಲಿಲ್ಲ.

"ನಿಂಗೇ ನಾನು ಬೇಡ ಅಂತ ಗೊತ್ತಾದ್ಮೇಲೆ, ಹಗ್ಗ ಎಲ್ಲಿದ್ರೇನಪ್ಪ?"

ಇಷ್ಟು ದಿನ ನಾನೂ ತಪ್ಪು ತಿಳಿದಿದ್ದೆ. ತನ್ನ ಕೈಲಾಗಲಿಲ್ಲ ಎಂಬ ಕೊರಗು ಅವಳಿಗೆ ಇರಲೇ ಇಲ್ಲ. ಅವಳು ಹೊತ್ತುಕೊಂಡು ಬದುಕಿದ್ದು ಅದಕ್ಕಿಂತ ದೊಡ್ಡ ಭಾರ.

"ಇದನ್ನಾರ ತಗೊ ಮಗ. ಶಾಪೂ ನಿಂದೇ. ಎತ್ತಿ ನೋಡು, ಅಗುರ ಐತೆ" ಎಂದು ನಂಜಯ್ಯನವರು ಹೊಸ ಮೆಷಿನ್ನಿನ ಕಡೆ ಕೈ ತೋರಿಸಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವಳು ಪಟ್ಟಿ ಹಿಡಿದು ಒಂದೇ ಕೈಯಲ್ಲಿ ಎತ್ತಿದಳು. ಹೋಲ್ಡರನ್ನೂ ಕೈಗೆ ತೆಗೆದುಕೊಂಡು, ಅದರ ಹಿಡಿಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅಪ್ಪನ ಹತ್ತಿರ ಹೋಗಿ, ನೋವಿಲ್ಲದ ಎಡಭುಜಕ್ಕೆ ಪಟ್ಟಿಯನ್ನು ನೇತು ಹಾಕಿ, ಕುತ್ತಿಗೆಗೆ ಒತ್ತದಂತೆ ಸರಿಮಾಡಿದಳು.

"ಹೌದಪ್ಪ, ಹಗುರ ಐತೆ. ನಿನ್ ಭುಜಕ್ಕೆ ಒಳ್ಳೇದಾಯ್ತು. ನಂಗೆ ನನ್ ಕೆಲ್ಸ ಐತೆ."

ಮಂಗಳಾರತಿ ಆಯಿತು. ರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆದರು. ಸುಚಿತ್ರಾ ನನಗೆ ಕಡ್ಲೆಪುರಿ, ಸಿಹಿ ಕೊಟ್ಟು, "ಬತ್ತೀನಿ ಅತ್ತೆ" ಎಂದು ಗಂಡನ ಸ್ಕೂಟರ್ ಹತ್ತಿದಳು.

ಈಗ ನನ್ನ ಬಲ್ಬು ಮಂಕಾಗುವುದಿಲ್ಲ. ಗೋಡೆಯಾಚೆ ನಂಜಯ್ಯನವರು ಕೆಲಸ ಮಾಡುತ್ತಿದ್ದಾರೋ ಸುಮ್ಮನೆ ಕೂತಿದ್ದಾರೋ ತಿಳಿಯುವುದೇ ಇಲ್ಲ. ಬೈಯಲು ಕಾರಣವಿಲ್ಲದೆ ನನಗೂ ಬೇಸರ.

ಈ ವರ್ಷದ ಪೂಜೆಗೆ ಮೆಡಿಕಲ್ ಸ್ಟೋರಿಗೆ ರಜೆ ಇಲ್ಲವೆಂದು ಸುಚಿತ್ರಾ ಬರಲಿಲ್ಲ. ನಾನು ಹೋದಾಗ ನಂಜಯ್ಯನವರು ಒಬ್ಬರೇ ಅಡ್ಡೆ ತೊಳೆಯುತ್ತಿದ್ದರು. ಯಾರೂ ಹೊರದ ಆ ಮರವನ್ನು ಉಜ್ಜಿ ಉಜ್ಜಿ ಒರೆಸಿ, ಕಚ್ಚಿಗೆ ಕುಂಕುಮದ ಬೊಟ್ಟು ಇಟ್ಟರು. ಆಮೇಲೆ ಕೈಯನ್ನು ಅಗಲಿಸಿ, ಗೇಣು ಅಳೆದು, ಎರಡನೆಯದನ್ನೂ ಇಟ್ಟರು.

ನಾನು ಏನೂ ಬೈಯಲಿಲ್ಲ.